ಅದೇ 54 ಬಿಟ್, ಬೇರೆ ದನಿ: ಎಲ್‌ಪಿಸಿ-10 ಹೋಗಿ ಮೆಲ್ಪ್ ಬಂದ ಪ್ರಕರಣ

ಸೆಕೆಂಡಿಗೆ 2400 ಬಿಟ್. ಇಷ್ಟರಲ್ಲಿ ಒಬ್ಬರ ಮಾತನ್ನು ಕಳಿಸಬೇಕು. ಆ ಕಡೆ ಕೇಳುವವರಿಗೆ ಪದ ತಿಳಿಯಬೇಕು, ಆದರೆ ಮಾತಾಡುತ್ತಿರುವವರು ಯಾರು ಅಂತಲೂ ಗೊತ್ತಾಗಬೇಕು. ಮಾಮೂಲಿ ಡಿಜಿಟಲ್ ಟೆಲಿಫೋನಿನಲ್ಲಿ ಸೆಕೆಂಡಿಗೆ 8000 ಸ್ಯಾಂಪಲ್ (ಸ್ಯಾಂಪಲ್ ಅಂದರೆ ದನಿಯ ಅಲೆಯ ಒಂದು ಗಳಿಗೆಯ ಅಳತೆ), ಒಂದೊಂದಕ್ಕೆ 8 ಬಿಟ್, ಒಟ್ಟು 64,000 ಬಿಟ್ ಹೋಗುತ್ತದೆ. ಇಲ್ಲಿ ಕೈಗೆ ಸಿಗುವುದು ಅದರ 27ನೇ ಒಂದು ಪಾಲಿನಷ್ಟು.

ಈ ಸಮಸ್ಯೆಗೆ ಉತ್ತರವಾಗಿ ಅಮೆರಿಕ ಸರ್ಕಾರ ಎರಡು ಸಲ ಕೋಡೆಕ್ ಆರಿಸಿತು, ಅಂದರೆ ಮಾತನ್ನು ಬಿಟ್ ಮಾಡಿ ಆ ಕಡೆ ಮತ್ತೆ ಮಾತಾಗಿಸುವ ವಿಧಾನ. ಮೊದಲನೆಯದು ಎಲ್‌ಪಿಸಿ-10, 1984ರಲ್ಲಿ ಫೆಡರಲ್ ಸ್ಟ್ಯಾಂಡರ್ಡ್ 1015 ಎಂಬ ಹೆಸರಲ್ಲಿ ಬಂದದ್ದು. ಎರಡನೆಯದು ಮೆಲ್ಪ್, 1996ರಲ್ಲಿ ಆಯ್ಕೆಯಾದದ್ದು. ಎರಡರದ್ದೂ ವೇಗ ಒಂದೇ. ಎರಡೂ ಮಾತನ್ನು 22.5 ಮಿಲಿಸೆಕೆಂಡಿನ ಫ್ರೇಮುಗಳಾಗಿ ಕತ್ತರಿಸುತ್ತವೆ, ಎರಡರಲ್ಲೂ ಫ್ರೇಮಿಗೆ ಸಿಗುವುದು 54 ಬಿಟ್. ಆದರೂ ಒಂದು ಯಂತ್ರ ಮಾತಾಡಿದ ಹಾಗೆ ಕೇಳುತ್ತದೆ, ಇನ್ನೊಂದು ಮನುಷ್ಯ ಮಾತಾಡಿದ ಹಾಗೆ. ಬಿಟ್ ಒಂದೂ ಹೆಚ್ಚಾಗಲಿಲ್ಲ. ಹಾಗಿದ್ದರೆ ಬದಲಾದದ್ದು ಏನು? ಕಡಿಮೆ ಬಿಟ್‌ನ ಸ್ಪೀಚ್ ಕೋಡಿಂಗ್ ಅರ್ಥ ಮಾಡಿಕೊಳ್ಳಲು ಇದಕ್ಕಿಂತ ಒಳ್ಳೆಯ ಪ್ರಕರಣ ನನಗೆ ಗೊತ್ತಿಲ್ಲ, ಹಾಗಾಗಿ ಬಿಟ್ ಬಿಟ್ ಎಣಿಸಿಯೇ ಹೇಳುತ್ತೇನೆ.

2400 ಯಾಕೆ?

ರಹಸ್ಯ ಮಾತು ಕಳಿಸಬೇಕಿದ್ದರೆ ಅದನ್ನು ಗೂಢಲಿಪಿ ಮಾಡಬೇಕು. ಗಟ್ಟಿಯಾದ ಗೂಢಲಿಪಿ ಬೇಕಿದ್ದರೆ ಮಾತು ಮೊದಲು ಬಿಟ್ ಆಗಿರಬೇಕು. ಆ ಬಿಟ್ ಸಾಗುವ ದಾರಿ ಬಹಳ ಕಿರಿದು. ಶಾರ್ಟ್‌ವೇವ್ ರೇಡಿಯೋದಲ್ಲಿ ಒಂದು ಚಾನೆಲ್‌ನ ಅಗಲ ಸುಮಾರು 3 ಕಿಲೋಹರ್ಟ್ಸ್, ಸಿಗ್ನಲ್ ಏಳುತ್ತದೆ ಬೀಳುತ್ತದೆ, ಪ್ರತಿಧ್ವನಿ ಬೇರೆ. ಅಂಥ ಕಡೆ ನಂಬಿಕೆಯಿಂದ ಓಡಿಸಬಹುದಾದ ಮೋಡೆಮ್ ವೇಗ 2400ರ ಆಸುಪಾಸು. ಆ ಕಾಲದ ಮಾಮೂಲಿ ಟೆಲಿಫೋನ್ ತಂತಿಯ ಮೇಲೂ 2400 ಅಂದರೆ ಧೈರ್ಯವಾಗಿ ನೆಚ್ಚಬಹುದಾದ ವೇಗ. 1987ರಲ್ಲಿ ಬಳಕೆಗೆ ಬಂದ ಎಸ್‌ಟಿಯು-3 ಎಂಬ ಸುರಕ್ಷಿತ ಟೆಲಿಫೋನ್ ಎಲ್‌ಪಿಸಿ-10ರ ಸುಧಾರಿತ ರೂಪವನ್ನೇ ಇಟ್ಟುಕೊಂಡಿತ್ತು. ಹೀಗೆ 2400 ಎಂಬ ಅಂಕಿ ಗಟ್ಟಿಯಾಗಿ ಕೂತುಬಿಟ್ಟಿತು. ರೇಡಿಯೋ, ಮೋಡೆಮ್, ಗೂಢಲಿಪಿ ಪೆಟ್ಟಿಗೆ ಎಲ್ಲವೂ ಆ ಅಂಕಿಯ ಸುತ್ತಲೇ ಕಟ್ಟಿದವು. ಕೋಡೆಕ್ ಚೆನ್ನಾಗಿಲ್ಲ ಅಂತ ಪೈಪ್ ದೊಡ್ಡದು ಮಾಡಿ ಎನ್ನುವ ಮಾತೇ ಇರಲಿಲ್ಲ.

ಎಲ್‌ಪಿಸಿ-10 ಮಾತನ್ನು ಹೇಗೆ ನೋಡುತ್ತಿತ್ತು

ಇಷ್ಟು ಕಡಿಮೆ ಬಿಟ್‌ನಲ್ಲಿ ಅಲೆಯನ್ನೇ ಕಳಿಸುವುದು ಆಗದ ಕೆಲಸ. 22.5 ಮಿಲಿಸೆಕೆಂಡಿನಲ್ಲಿ 180 ಸ್ಯಾಂಪಲ್ ಇರುತ್ತವೆ, ಬಿಟ್ ಇರುವುದು 54. ಸ್ಯಾಂಪಲ್ಲಿಗೆ ಒಂದು ಬಿಟ್‌ನ ಮೂರನೇ ಒಂದು ಭಾಗವೂ ಇಲ್ಲ. ಹಾಗಾಗಿ ಮಾಡುವ ಕೆಲಸ ಬೇರೆ: ಈ ದನಿ ಹುಟ್ಟಿದ್ದು ಹೇಗೆ ಅಂತ ಅಳೆದು, ಆ ಅಳತೆಗಳನ್ನಷ್ಟೇ ಕಳಿಸುವುದು. ಆ ಕಡೆಯ ಯಂತ್ರ ಅಳತೆ ನೋಡಿಕೊಂಡು ಹೊಸದಾಗಿ ಮಾತನ್ನು ಹುಟ್ಟಿಸುತ್ತದೆ. ಮೂಲ ಅಲೆಯನ್ನೂ ಹೊಸ ಅಲೆಯನ್ನೂ ಒಂದರ ಮೇಲೊಂದು ಇಟ್ಟು ನೋಡಿದರೆ ತಾಳೆಯಾಗುವುದೇ ಇಲ್ಲ. ಕಿವಿಗೆ ತಾಳೆಯಾದರೆ ಸಾಕು.

ಮಾದರಿ ಸರಳ. ಗಂಟಲಲ್ಲಿ ಒಂದು ಮೂಲ ಸದ್ದು ಹುಟ್ಟುತ್ತದೆ. ಬಾಯಿ, ನಾಲಿಗೆ, ತುಟಿ ಸೇರಿ ಆದ ಕೊಳವೆ ಅದನ್ನು ತಿದ್ದುತ್ತದೆ. ಕೊಳವೆಯ ಆಕಾರವನ್ನು ಒಂದು ಫಿಲ್ಟರ್ ಅಂತ ಇಟ್ಟುಕೊಂಡರೆ ಹತ್ತು ಅಂಕಿಗಳಲ್ಲಿ ಅದನ್ನು ಹೇಳಿ ಮುಗಿಸಬಹುದು, ಎಲ್‌ಪಿಸಿ-10ರ ಹೆಸರಲ್ಲಿರುವ ಹತ್ತು ಅದೇ. ಹೀಗೆ ಫಿಲ್ಟರಿನ ಅಂಕಿ ಹುಡುಕುವ ವಿಧಾನದ ಹೆಸರು ಲೀನಿಯರ್ ಪ್ರಿಡಿಕ್ಷನ್, ಎಲ್‌ಪಿಸಿಯ ಮೊದಲೆರಡು ಅಕ್ಷರ ಅದರದ್ದೇ. ಅದನ್ನು ಮಾತಿಗೆ ಅಳವಡಿಸಿದ್ದು 1960ರ ದಶಕದ ಕೊನೆಯ ಹೊತ್ತಿಗೆ. ಜಪಾನಿನ ಎನ್‌ಟಿಟಿಯಲ್ಲಿ ಇಟಾಕುರಾ ಮತ್ತು ಸೈಟೊ, ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಬಿಷ್ಣು ಅತಲ್ ಮತ್ತು ಶ್ರೋಡರ್ ಬೇರೆ ಬೇರೆಯಾಗಿಯೇ ಅದರ ಮೇಲೆ ಕೆಲಸ ಮಾಡಿದರು.

ಇನ್ನು ಮೂಲ ಸದ್ದು. ಘೋಷ, ಅಘೋಷ ಅಂತ ನಾವು ವ್ಯಾಕರಣದಲ್ಲಿ ಓದಿದ್ದೇವಲ್ಲ, ಎಲ್‌ಪಿಸಿ-10ಕ್ಕೆ ಗೊತ್ತಿದ್ದದ್ದೂ ಅಷ್ಟೇ. ಧ್ವನಿತಂತು ಕಂಪಿಸುತ್ತಿದ್ದರೆ ಘೋಷ: ಆಗ ಪಿಚ್‌ಗೆ (ತಂತು ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತದೆ ಎಂಬುದಕ್ಕೆ) ತಕ್ಕ ಹಾಗೆ ಸಮ ಅಂತರದಲ್ಲಿ ಒಂದೊಂದು ಪಲ್ಸ್, ಅಂದರೆ ಚುಟುಕು ಬಡಿತ, ಹೊಡಿ. ಕಂಪಿಸದಿದ್ದರೆ ಅಘೋಷ: ಆಗ ಬರೀ ನಾಯ್ಸ್, ಅಂದರೆ ಲಯವಿಲ್ಲದ ಸುಯ್ ಸದ್ದು, ಹಾಕು. ಮೂರನೆಯ ದಾರಿ ಇಲ್ಲ. ಫ್ರೇಮಿನ ಅರ್ಧದಲ್ಲಿ ಒಂದರಿಂದ ಇನ್ನೊಂದಕ್ಕೆ ಬದಲಾಗಬಹುದಿತ್ತು, ಆದರೆ ಒಂದೇ ಗಳಿಗೆಯಲ್ಲಿ ಎರಡೂ ಇರುವಂತಿರಲಿಲ್ಲ.

54 ಬಿಟ್‌ನ ಖರ್ಚು ಹೀಗಿತ್ತು. ಘೋಷ ಫ್ರೇಮಿನಲ್ಲಿ ಫಿಲ್ಟರಿನ ಹತ್ತು ಅಂಕಿಗಳಿಗೆ 41 ಬಿಟ್. ಮೊದಲ ನಾಲ್ಕಕ್ಕೆ ಐದೈದು, ಮುಂದಿನ ನಾಲ್ಕಕ್ಕೆ ನಾಲ್ಕು ನಾಲ್ಕು, ಒಂಬತ್ತನೆಯದಕ್ಕೆ ಮೂರು, ಹತ್ತನೆಯದಕ್ಕೆ ಎರಡು. ದನಿಯ ಮಟ್ಟ ಅಂದರೆ ಗೇನ್‌ಗೆ 5. ಪಿಚ್ ಮತ್ತು ಘೋಷ-ಅಘೋಷ ತೀರ್ಮಾನ ಎರಡೂ ಸೇರಿ 7. ಫ್ರೇಮ್ ಎಲ್ಲಿ ಶುರುವಾಯಿತು ಅಂತ ತಿಳಿಯಲು 1. ಈ ಲೆಕ್ಕವನ್ನು ಒಮ್ಮೆ ಮನಸ್ಸಿನಲ್ಲಿಟ್ಟುಕೊಳ್ಳಿ, ಯಾಕೆಂದರೆ ಮುಂದಿನ ಕಥೆಯೆಲ್ಲ ಇದರ ಮೇಲೆಯೇ ನಿಂತಿದೆ: ಮುಕ್ಕಾಲು ಭಾಗ ಬಿಟ್ ಕೊಳವೆಯ ಆಕಾರಕ್ಕೆ ಹೋಗುತ್ತಿತ್ತು, ಗಂಟಲಿನ ಸದ್ದು ಎಂಥದ್ದು ಅಂತ ಹೇಳಲು ಪಿಚ್ ಬಿಟ್ಟರೆ ಒಂದು ಹೌದು-ಇಲ್ಲ ಮಾತ್ರ.

ಎಲ್ಲಿ ಕೆಡುತ್ತಿತ್ತು

ಎಲ್‌ಪಿಸಿ-10ರಲ್ಲಿ ಪದಗಳು ತಿಳಿಯುತ್ತವೆ. ಅದಕ್ಕೇ ಅದು ಅಷ್ಟು ವರ್ಷ ಬದುಕಿತು. ಆದರೆ ದನಿಯಲ್ಲಿ ಒಂದು ಗುಂಯ್‌ಗುಟ್ಟುವಿಕೆ ಇರುತ್ತದೆ, ನಡುನಡುವೆ ದಬ್ ಅನ್ನುವ ಸದ್ದು ಬರುತ್ತದೆ, ಒಮ್ಮೊಮ್ಮೆ ಎಲ್ಲಿಂದಲೋ ಸಿಳ್ಳೆಯಂಥ ಸ್ವರ ಕೇಳುತ್ತದೆ. ಇವು ಮೂರೂ ಬೇರೆ ಬೇರೆ ಕಾಯಿಲೆ ಅಂತ ಅನ್ನಿಸಬಹುದು. ಮೂಲ ಹುಡುಕಿದರೆ ಮೂರೂ ಆ ಹೌದು-ಇಲ್ಲ ತೀರ್ಮಾನಕ್ಕೇ ಬಂದು ನಿಲ್ಲುತ್ತವೆ.

ಗುಂಯ್ ಸದ್ದನ್ನು ಮೊದಲು ನೋಡೋಣ. ನಿಜವಾದ ಸ್ವರದಲ್ಲಿ ಕೆಳಗಿನ ಆವರ್ತನಗಳು ಅಚ್ಚುಕಟ್ಟಾಗಿ ಮರುಕಳಿಸುತ್ತವೆ, ಮೇಲೆ ಹೋದಂತೆಲ್ಲ ಉಸಿರಿನ ನಾಯ್ಸ್ ಸೇರಿಕೊಳ್ಳುತ್ತದೆ. ನಾವು 'ಭ' ಅಂದಾಗ, ಅಥವಾ ಎರಡು ಸ್ವರಗಳ ನಡುವೆ 'ಹ' ಬಂದಾಗ, ಕಂಪನವೂ ಇರುತ್ತದೆ ಉಸಿರೂ ಇರುತ್ತದೆ. 'ಜ಼ೂ' ಅನ್ನುವಾಗಿನ ಮೊದಲ ದನಿಯಲ್ಲಂತೂ ಎರಡೂ ಸರಿಸಮ. ಎಲ್‌ಪಿಸಿ-10 ಇದನ್ನು ಘೋಷ ಅಂತ ತೀರ್ಮಾನಿಸಿದ ಕೂಡಲೇ 4000 ಹರ್ಟ್ಸ್‌ವರೆಗಿನ ಎಲ್ಲ ಆವರ್ತನಗಳೂ ಒಂದೇ ಪಲ್ಸಿಗೆ ಒಟ್ಟಿಗೆ ಕುಣಿಯುತ್ತವೆ. ಪಲ್ಸ್ ಬಿದ್ದಾಗ ಶಕ್ತಿ ಎಲ್ಲ ಒಂದೇ ಕಡೆ ಗುಡ್ಡೆ ಬೀಳುತ್ತದೆ, ಮುಂದಿನ ಪಲ್ಸ್ ಬರುವವರೆಗೆ ಹೆಚ್ಚುಕಡಿಮೆ ಖಾಲಿ. ಮನುಷ್ಯರ ದನಿ ಹಾಗೆ ಖಾಲಿಯಾಗುವುದಿಲ್ಲ. ಕಿವಿ ಅದನ್ನು ಕೂಡಲೇ ಹಿಡಿಯುತ್ತದೆ.

ದಬ್ ಸದ್ದು ಬರುವುದು ತೀರ್ಮಾನ ತಪ್ಪಿದಾಗ. ಸ್ವರದ ನಡುವೆ ಒಂದು ಫ್ರೇಮನ್ನು ಅಘೋಷ ಅಂದುಬಿಟ್ಟರೆ ಅಲ್ಲಿ ಬರೀ ಗೊರಗೊರ. ಅಘೋಷವನ್ನು ಘೋಷ ಅಂದರೆ ಸುಳ್ಳು ಪಿಚ್ ಒಂದು ಹುಟ್ಟಿ ಸಿಳ್ಳೆಯಾಗುತ್ತದೆ. ಶಾಂತವಾದ ಕೋಣೆಯಲ್ಲಿ ಈ ತಪ್ಪು ಕಡಿಮೆ. ಆದರೆ ಈ ಕೋಡೆಕ್ ಬಳಸುತ್ತಿದ್ದದ್ದು ಹೆಲಿಕಾಪ್ಟರಿನಲ್ಲಿ, ಟ್ಯಾಂಕಿನಲ್ಲಿ, ಓಡುವ ಜೀಪಿನಲ್ಲಿ. ಎಂಜಿನ್ ಸದ್ದಿನ ಮೇಲೆ ಮಾತು ಬಂದಾಗ ಯಾವುದು ಘೋಷ ಯಾವುದು ಅಲ್ಲ ಅಂತ ಹೇಳುವುದು ಎಷ್ಟು ಜಾಣ ಪ್ರೋಗ್ರಾಮಿಗೂ ಕಷ್ಟ, ಯಾಕೆಂದರೆ ಅಲ್ಲಿ ನಿಜವಾಗಿಯೂ ಎರಡೂ ಇವೆ. ಪ್ರಶ್ನೆಯೇ ತಪ್ಪಾಗಿದ್ದಾಗ ಉತ್ತರ ಸರಿಯಾಗಲು ಸಾಧ್ಯವಿಲ್ಲ ಅಲ್ವಾ? ವರ್ಷಗಟ್ಟಲೆ ಜನ ಆ ಘೋಷ ಪತ್ತೆ ಮಾಡುವ ಭಾಗವನ್ನು ಇನ್ನಷ್ಟು ಚುರುಕು ಮಾಡುತ್ತಾ ಬಂದರು. ಲಾಭವೂ ಆಯಿತು, ಸ್ವಲ್ಪ.

ಗೇನ್‌ನಲ್ಲೂ ಒಂದು ತೊಂದರೆ ಇತ್ತು. 22.5 ಮಿಲಿಸೆಕೆಂಡಿಗೆ ಒಂದೇ ಗೇನ್. 'ಪ', 'ಟ', 'ಕ' ಥರದ ಸ್ಫೋಟದ ವ್ಯಂಜನಗಳಲ್ಲಿ ದನಿ ಏಕಾಏಕಿ ಸಿಡಿಯುವುದು ಕೆಲವೇ ಮಿಲಿಸೆಕೆಂಡುಗಳಲ್ಲಿ. ಒಂದೇ ಅಳತೆಯಲ್ಲಿ ಹಿಡಿದರೆ ಆ ಸಿಡಿತ ಮೊಂಡಾಗುತ್ತದೆ.

ಸೆಲ್ಪ್ ಯಾಕೆ ಕೆಲಸಕ್ಕೆ ಬರಲಿಲ್ಲ

1985ರಲ್ಲಿ ಶ್ರೋಡರ್ ಮತ್ತು ಅತಲ್ ಸೆಲ್ಪ್ ವಿಧಾನ ತಂದಿದ್ದರು. ಗಂಟಲಿನ ಸದ್ದನ್ನು ಪಲ್ಸ್, ನಾಯ್ಸ್ ಅಂತ ವಿಂಗಡಿಸುವುದನ್ನೇ ಬಿಟ್ಟು, ಸಾಕಷ್ಟು ಸಿದ್ಧ ಅಲೆಗಳಿರುವ ಕೋಡ್‌ಬುಕ್‌ನಿಂದ ಒಂದೊಂದನ್ನೇ ಫಿಲ್ಟರಿನಲ್ಲಿ ಹಾಯಿಸಿ ನೋಡಿ, ಯಾವುದು ಮೂಲಕ್ಕೆ ಹತ್ತಿರವೋ ಅದರ ನಂಬರ್ ಕಳಿಸುವುದು. ಆಗ ಒಂದು ಸೆಕೆಂಡಿನ ಮಾತಿಗೆ ಕ್ರೇ-1 ಸೂಪರ್‌ಕಂಪ್ಯೂಟರ್ 125 ಸೆಕೆಂಡು ತೆಗೆದುಕೊಂಡಿತ್ತು. ಕೆಲವೇ ವರ್ಷಗಳಲ್ಲಿ ಅದು ಸಣ್ಣ ಚಿಪ್ಪಿಗೆ ಇಳಿಯಿತು, 1991ರಲ್ಲಿ ಫೆಡರಲ್ ಸ್ಟ್ಯಾಂಡರ್ಡ್ 1016 ಆಗಿ ಸೆಕೆಂಡಿಗೆ 4800 ಬಿಟ್‌ನಲ್ಲಿ ಬಂತು. ಎಲ್‌ಪಿಸಿ-10ರ ಪಕ್ಕ ಇಟ್ಟು ಕೇಳಿದರೆ ಎಷ್ಟೋ ಸಹಜ.

ಹಾಗಿದ್ದರೆ ಅದನ್ನೇ ಅರ್ಧಕ್ಕೆ ಇಳಿಸಬಹುದಲ್ಲ? ಲೆಕ್ಕ ಹಾಕಿ ನೋಡೋಣ. ಆ ಸೆಲ್ಪ್‌ನ ಫ್ರೇಮ್ 30 ಮಿಲಿಸೆಕೆಂಡ್, 144 ಬಿಟ್. ಅದರಲ್ಲಿ ಫಿಲ್ಟರಿಗೆ 34, ಪಿಚ್‌ನ ಅಂತರಕ್ಕೆ 28, ಪಿಚ್‌ನ ಬಲಕ್ಕೆ 20, ಕೋಡ್‌ಬುಕ್ ನಂಬರಿಗೆ 36, ಅದರ ಗೇನ್‌ಗೆ 20, ಉಳಿದ 6 ಫ್ರೇಮಿನ ಶುರು ಗುರುತಿಸಲು, ದೋಷ ತಿದ್ದಲು ಇತ್ಯಾದಿ. 2400ರಲ್ಲಿ ಅದೇ 30 ಮಿಲಿಸೆಕೆಂಡಿಗೆ ಸಿಗುವುದು 72 ಬಿಟ್. ಫಿಲ್ಟರ್ ಮತ್ತು ಪಿಚ್‌ಗೇ 82 ಬೇಕು! ಕೋಡ್‌ಬುಕ್ ತೆರೆಯುವ ಮೊದಲೇ ಕೈ ಖಾಲಿ. ಎಲ್ಲವನ್ನೂ ಹಿಂಡಿ ಹಿಂಡಿ ಕೂರಿಸಿದರೂ ಅಲೆಯನ್ನು ಹೋಲಿಸುವ ವಿಧಾನಕ್ಕೆ ಇಷ್ಟು ಕಡಿಮೆಯಲ್ಲಿ ಉಸಿರು ಸಾಲುವುದಿಲ್ಲ, ದನಿ ಗೊರಕಲಾಗುತ್ತದೆ. ಸುಮಾರು 4000ಕ್ಕಿಂತ ಕೆಳಗೆ ಸೆಲ್ಪ್ ಸೋಲುವುದು ಇದೇ ಕಾರಣಕ್ಕೆ. ಹೀಗಾಗಿ ಮತ್ತೆ ಮಾದರಿಯ ದಾರಿಗೇ ಬರಬೇಕಾಯಿತು, ಆದರೆ ಬೇರೆ ಮಾದರಿ.

ಮೆಲ್ಪ್ ಕೇಳಿದ ಪ್ರಶ್ನೆ

ಅಲನ್ ಮೆಕ್‌ಕ್ರೀ ಮತ್ತು ಥಾಮಸ್ ಬಾರ್ನ್‌ವೆಲ್ ಜಾರ್ಜಿಯಾ ಟೆಕ್‌ನಲ್ಲಿ ಶುರು ಮಾಡಿದ ಕೆಲಸ ಇದು. ಅವರ ಮುಖ್ಯ ಪ್ರಬಂಧ ಬಂದದ್ದು 1995ರಲ್ಲಿ. ಫಿಲ್ಟರನ್ನು ಅವರು ಹಾಗೇ ಉಳಿಸಿಕೊಂಡರು, ಹತ್ತು ಅಂಕಿಗಳದ್ದೇ. ಬದಲಾಯಿಸಿದ್ದು ಗಂಟಲಿನ ಸದ್ದನ್ನು.

ಘೋಷವೋ ಅಘೋಷವೋ ಅಂತ ಇಡೀ ಫ್ರೇಮಿಗೆ ಕೇಳುವ ಬದಲು ಆವರ್ತನಗಳನ್ನು ಐದು ಪಟ್ಟಿಗಳಾಗಿ ಕತ್ತರಿಸಿದರು: 0ರಿಂದ 500 ಹರ್ಟ್ಸ್, 500ರಿಂದ 1000, ಆಮೇಲೆ 2000, 3000, 4000ದವರೆಗೆ ಒಂದೊಂದು. ಪ್ರತಿ ಪಟ್ಟಿಗೂ ಬೇರೆ ತೀರ್ಮಾನ. ಕೆಳಗಿನ ಎರಡರಲ್ಲಿ ಪಲ್ಸ್, ಮೇಲಿನ ಮೂರರಲ್ಲಿ ನಾಯ್ಸ್, ಎರಡನ್ನೂ ಕೂಡಿಸಿ ಫಿಲ್ಟರಿಗೆ ಕೊಡು. ಮೆಲ್ಪ್ ಎಂಬ ಹೆಸರಿನ ಮೊದಲಿಗೇ ಬರುವ 'ಮಿಕ್ಸೆಡ್ ಎಕ್ಸೈಟೇಷನ್' ಅಂದರೆ ಇದೇ. ಪಲ್ಸ್ ಮತ್ತು ನಾಯ್ಸ್ ಬೆರೆಸುವ ಯೋಚನೆ ಹೊಸದೇನೂ ಅಲ್ಲ. 1978ರಲ್ಲೇ ಮಖೂಲ್ ಮತ್ತು ಜೊತೆಗಾರರು ಒಂದು ಗಡಿ ಹಾಕಿ ಕೆಳಗೆ ಪಲ್ಸ್, ಮೇಲೆ ನಾಯ್ಸ್ ಅಂತ ಮಾಡಿ ತೋರಿಸಿದ್ದರು. 1988ರಲ್ಲಿ ಎಂಐಟಿಯ ಗ್ರಿಫಿನ್ ಮತ್ತು ಲಿಮ್ ಪಟ್ಟಿ ಪಟ್ಟಿಗೂ ಬೇರೆ ತೀರ್ಮಾನ ಮಾಡುವ ಎಂಬಿಇ ವೋಕೋಡರ್ (ಹೀಗೆ ಅಳತೆ ಕಳಿಸಿ ಮಾತು ಹುಟ್ಟಿಸುವ ಕೋಡೆಕ್‌ಗೆ ವೋಕೋಡರ್ ಅನ್ನುತ್ತಾರೆ) ತಂದಿದ್ದರು. ಮೆಲ್ಪ್‌ನ ಹೆಚ್ಚುಗಾರಿಕೆ ಇರುವುದು ಈ ಯೋಚನೆಯನ್ನು ಅಗ್ಗದಲ್ಲಿ, 2400ರೊಳಗೆ, ಹಳೆಯ ಎಲ್‌ಪಿಸಿ ಚೌಕಟ್ಟಿನೊಳಗೇ ಕೂರಿಸಿದ್ದರಲ್ಲಿ.

ಮುಂದಿನದು ನನಗೆ ಬಹಳ ಇಷ್ಟವಾದ ಭಾಗ. ಸ್ವರ ಶುರುವಾಗುವಾಗ, ಮುಗಿಯುವಾಗ, ದನಿ ಒಡೆದಾಗ ಧ್ವನಿತಂತು ಕಂಪಿಸುತ್ತಿರುತ್ತದೆ ಆದರೆ ಲಯ ತಪ್ಪಿರುತ್ತದೆ. ಇದನ್ನು ಘೋಷ ಅಂದರೆ ಅತಿ ಅಚ್ಚುಕಟ್ಟಾದ ಸುಳ್ಳು ಸ್ವರ, ಅಘೋಷ ಅಂದರೆ ಗೊರಗೊರ. ಮೆಲ್ಪ್ ಇದಕ್ಕೆ ಮೂರನೆಯ ಸ್ಥಿತಿ ಒಂದನ್ನು ಕೊಟ್ಟಿತು: ಪಲ್ಸ್ ಹೊಡಿ, ಆದರೆ ಅಂತರವನ್ನು ಪಿಚ್‌ನ 25 ಶೇಕಡದವರೆಗೆ ಆಚೀಚೆ ಅಲ್ಲಾಡಿಸು. ಇದಕ್ಕೆ ತಗಲುವುದು ಒಂದೇ ಬಿಟ್. ಆ ಒಂದು ಬಿಟ್‌ನಿಂದ ಸಿಳ್ಳೆಯ ಕಾಟ ಬಹುಪಾಲು ಹೋಯಿತು.

ಇನ್ನೆರಡು ಉಪಾಯಗಳಿಗೆ ಒಂದು ಬಿಟ್ಟೂ ಬೇಡ, ಅವು ಕೇಳುವ ಕಡೆಯೇ ನಡೆಯುತ್ತವೆ. ಒಂದು, ಫಿಲ್ಟರಿನ ಶಿಖರಗಳನ್ನು (ಅದು ಎತ್ತಿ ಕೊಡುವ ಆವರ್ತನಗಳನ್ನು) ಸ್ವಲ್ಪ ಚೂಪು ಮಾಡಿ ಕಣಿವೆಗಳನ್ನು ತಗ್ಗಿಸುವುದು. ಇನ್ನೊಂದು, ಕೊನೆಯಲ್ಲಿ ಒಂದು ಸ್ಥಿರ ಫಿಲ್ಟರಿನಲ್ಲಿ ಹಾಯಿಸಿ, ಗುಡ್ಡೆ ಬಿದ್ದ ಪಲ್ಸಿನ ಶಕ್ತಿಯನ್ನು ಅಕ್ಕಪಕ್ಕಕ್ಕೆ ಹರಡುವುದು. ಆ ಖಾಲಿ ಜಾಗ ತುಂಬುತ್ತದೆ, ಉಳಿದಿದ್ದ ಗುಂಯ್ ಸದ್ದು ಇನ್ನಷ್ಟು ತಗ್ಗುತ್ತದೆ.

ಕೊನೆಯದು ಪಲ್ಸಿನ ಆಕಾರ. ಎಲ್‌ಪಿಸಿ-10ರಲ್ಲಿ ಯಾರು ಮಾತಾಡಿದರೂ ಒಂದೇ ಪಲ್ಸ್. ಮೆಲ್ಪ್‌ನಲ್ಲಿ ಪಿಚ್‌ನ ಮೊದಲ ಹತ್ತು ಹಾರ್ಮೋನಿಕ್‌ಗಳ (ಪಿಚ್‌ನ ಒಂದರಷ್ಟು, ಎರಡರಷ್ಟು, ಮೂರರಷ್ಟು ಹೀಗಿರುವ ಆವರ್ತನಗಳ) ಬಲವನ್ನು ಅಳೆದು ಕಳಿಸುತ್ತಾರೆ. ಎಲ್‌ಪಿಸಿ ಫಿಲ್ಟರಿಗೆ ಶಿಖರಗಳನ್ನು ಹಿಡಿಯುವುದು ಸುಲಭ, 'ಮ', 'ನ' ಥರದ ಅನುನಾಸಿಕಗಳಲ್ಲಿ ಬರುವ ತಗ್ಗುಗಳನ್ನು ಹಿಡಿಯುವುದು ಕಷ್ಟ. ಆ ಕೊರತೆಯನ್ನು ಈ ಹಾರ್ಮೋನಿಕ್ ಅಳತೆ ಸ್ವಲ್ಪ ತುಂಬುತ್ತದೆ. ಮಾತಾಡುವವರನ್ನು ಗುರುತು ಹಿಡಿಯಲೂ ಇದು ನೆರವಾಗುತ್ತದೆ.

16 ಬಿಟ್ ಬಂದದ್ದೆಲ್ಲಿಂದ

ಸರಿ, ಇಷ್ಟೆಲ್ಲ ಹೊಸ ವಿಷಯ ಕಳಿಸಬೇಕು. ಐದು ಪಟ್ಟಿಗಳ ತೀರ್ಮಾನಕ್ಕೆ 4 ಬಿಟ್ (ಎಲ್ಲಕ್ಕಿಂತ ಕೆಳಗಿನ ಪಟ್ಟಿಯದು ಪಿಚ್ ಕೋಡಿನಿಂದಲೇ ಗೊತ್ತಾಗುತ್ತದೆ, ಅದಕ್ಕೇ ಐದಲ್ಲ ನಾಲ್ಕು). ಅಲ್ಲಾಡಿಸುವ ಗುರುತಿಗೆ 1. ಹಾರ್ಮೋನಿಕ್‌ಗಳಿಗೆ 8. ಗೇನ್ ಈಗ ಫ್ರೇಮಿಗೆ ಎರಡು ಸಲ, ಒಂದಕ್ಕೆ 5 ಇನ್ನೊಂದಕ್ಕೆ 3, ಅಂದರೆ ಹಳೆಯದಕ್ಕಿಂತ 3 ಜಾಸ್ತಿ. ಕೂಡಿಸಿದರೆ 16 ಬಿಟ್ ಹೆಚ್ಚುವರಿ. ಒಟ್ಟು ಮಾತ್ರ 54 ದಾಟುವಂತಿಲ್ಲ.

ಬಂದದ್ದು ಆ 41ರಿಂದ. ಹತ್ತು ಅಂಕಿಗಳ ಫಿಲ್ಟರನ್ನು ಮೆಲ್ಪ್ 25 ಬಿಟ್‌ನಲ್ಲಿ ಕಳಿಸುತ್ತದೆ. 41ರಲ್ಲಿ 25 ಹೋದರೆ ಸರಿಯಾಗಿ 16. ಇಡೀ ಪ್ರಕರಣದ ನಡುಗಂಬ ಈ ಕಳೆಯುವ ಲೆಕ್ಕ.

ಅದು ಸಾಧ್ಯವಾದದ್ದು ಎರಡು ಹೆಜ್ಜೆಗಳಲ್ಲಿ. ಎಲ್‌ಪಿಸಿ-10 ಹತ್ತು ಅಂಕಿಗಳನ್ನೂ ಬೇರೆ ಬೇರೆಯಾಗಿ ಅಳೆದು ಬೇರೆ ಬೇರೆಯಾಗಿ ಕಳಿಸುತ್ತಿತ್ತು. ಆದರೆ ನಾಲಿಗೆ ಎಲ್ಲೆಂದರಲ್ಲಿ ಇರುವುದಿಲ್ಲ, ಬಾಯಿ ಎಲ್ಲ ಆಕಾರಗಳನ್ನೂ ತಾಳುವುದಿಲ್ಲ, ಹಾಗಾಗಿ ಆ ಹತ್ತು ಅಂಕಿಗಳಿಗೆ ಒಂದಕ್ಕೊಂದು ಸಂಬಂಧ ಇರುತ್ತದೆ. ಬೇರೆ ಬೇರೆ ಕಳಿಸುವುದು ಅಂದರೆ ಎಂದೂ ಬಾರದ ಆಕಾರಗಳಿಗೂ ಬಿಟ್ ಸುರಿಯುವುದು. ಮೊದಲ ಹೆಜ್ಜೆ: ಅಂಕಿಗಳನ್ನು ಲೈನ್ ಸ್ಪೆಕ್ಟ್ರಲ್ ಫ್ರೀಕ್ವೆನ್ಸಿ ಎಂಬ ರೂಪಕ್ಕೆ ಬದಲಾಯಿಸುವುದು, ಇಟಾಕುರಾ 1975ರಲ್ಲಿ ಕೊಟ್ಟದ್ದು. ಈ ರೂಪದಲ್ಲಿ ಹತ್ತೂ ಆವರ್ತನಗಳಾಗಿ ಏರುವ ಸಾಲಿನಲ್ಲಿ ನಿಲ್ಲುತ್ತವೆ. ಸಾಲು ತಪ್ಪದಿದ್ದರೆ ಫಿಲ್ಟರ್ ಹದ ತಪ್ಪಿ ಕಿರುಚುವುದಿಲ್ಲ. ಒಂದರಲ್ಲಿ ತಪ್ಪಾದರೆ ಅದರ ಸುತ್ತಲಿನ ಆವರ್ತನಗಳಷ್ಟೇ ಕೆಡುತ್ತವೆ.

ಎರಡನೆಯ ಹೆಜ್ಜೆ, ಹತ್ತನ್ನೂ ಒಟ್ಟಿಗೆ ಒಂದು ವೆಕ್ಟರ್ ಅಂತ ತೆಗೆದುಕೊಂಡು ಕೋಡ್‌ಬುಕ್‌ನಲ್ಲಿ ಹತ್ತಿರದ್ದನ್ನು ಹುಡುಕುವುದು. 25 ಬಿಟ್‌ಗೆ ಒಂದೇ ಕೋಡ್‌ಬುಕ್ ಮಾಡಿದರೆ ಅದರಲ್ಲಿ 3,35,54,432 ವೆಕ್ಟರ್‌ಗಳು ಬೇಕು. 22.5 ಮಿಲಿಸೆಕೆಂಡಿಗೊಮ್ಮೆ ಅಷ್ಟನ್ನೂ ಹುಡುಕುವುದು ಆಗದ ಮಾತು, ಮೆಮೊರಿಯಂತೂ ಕೇಳಲೇಬೇಡಿ. ಹಾಗಾಗಿ ನಾಲ್ಕು ಹಂತ ಮಾಡಿದರು: 7, 6, 6, 6 ಬಿಟ್. ಮೊದಲ ಹಂತದ 128ರಲ್ಲಿ ಹತ್ತಿರದ್ದು ಹುಡುಕು, ಉಳಿದ ವ್ಯತ್ಯಾಸಕ್ಕೆ ಎರಡನೆಯ ಹಂತದ 64ರಲ್ಲಿ ಹುಡುಕು, ಹೀಗೆ ಮುಂದೆ. ಈಗ ಇಡಬೇಕಾದ್ದು ಒಟ್ಟು 320 ವೆಕ್ಟರ್ ಮಾತ್ರ. ಮೊದಲ ಹಂತದಲ್ಲಿ ಚೆನ್ನಾಗಿ ಕಂಡದ್ದು ಕೊನೆಯಲ್ಲಿ ಚೆನ್ನಾಗಿರಲೇಬೇಕು ಅಂತ ಇಲ್ಲವಲ್ಲ, ಅದಕ್ಕೆ ಪ್ರತಿ ಹಂತದಲ್ಲೂ ಒಂದನ್ನೇ ಆರಿಸಿ ಮುಗಿಸದೆ ಒಳ್ಳೆಯ 8 ದಾರಿಗಳನ್ನು ಜೀವಂತ ಇಟ್ಟುಕೊಂಡು ಹೋಗುತ್ತಾರೆ. ಲೆಕ್ಕ ಸ್ವಲ್ಪ ಹೆಚ್ಚಾಗುತ್ತದೆ, ದೊಡ್ಡ ಕೋಡ್‌ಬುಕ್‌ನ ಹತ್ತಿರಕ್ಕೆ ಗುಣಮಟ್ಟ ಬರುತ್ತದೆ.

ಕಡಿಮೆ ಬಿಟ್‌ನ ಕೋಡೆಕ್ ಕಟ್ಟುವ ಹೊಸಬರು ಸಾಮಾನ್ಯವಾಗಿ ಫಿಲ್ಟರನ್ನು ಇನ್ನೂ ನಿಖರ ಮಾಡುವುದಕ್ಕೇ ಮೊದಲು ಕೈಹಾಕುತ್ತಾರೆ, ಯಾಕೆಂದರೆ ಅಲ್ಲಿ ತಪ್ಪನ್ನು ಡೆಸಿಬೆಲ್‌ನಲ್ಲಿ ಅಳೆಯಬಹುದು, ಗ್ರಾಫ್ ಹಾಕಬಹುದು. ಮೂಲ ಸದ್ದಿನ ತಪ್ಪು ಹಾಗೆ ಅಳತೆಗೆ ಸಿಗುವುದಿಲ್ಲ, ಕೇಳಿಯೇ ತಿಳಿಯಬೇಕು. ಎಲ್‌ಪಿಸಿ-10ರಲ್ಲಿ ಫಿಲ್ಟರ್ ಎಷ್ಟು ಚೆನ್ನಾಗಿದ್ದರೂ ಅದಕ್ಕೆ ಸಿಗುತ್ತಿದ್ದ ಸದ್ದು ಕೃತಕವಾಗಿತ್ತು, ಹಾಗಾಗಿ ಅಲ್ಲಿ ಹಾಕಿದ ಬಿಟ್ ಕಿವಿಗೆ ತಲುಪುತ್ತಲೇ ಇರಲಿಲ್ಲ.

ಖಾಲಿ ಕೋಡುಗಳ ಉಪಯೋಗ

ರೇಡಿಯೋದಲ್ಲಿ ಬಿಟ್ ತಿರುಗುಮುರುಗಾಗುವುದು ಮಾಮೂಲಿ. ಮೆಲ್ಪ್ ಇದಕ್ಕೆ ಹೊಸ ಬಿಟ್ ಕೇಳದೆ ಮಾಡಿಕೊಂಡ ಏರ್ಪಾಡು ನೋಡಿ. ಪಿಚ್‌ಗೆ 7 ಬಿಟ್, ಅಂದರೆ 128 ಕೋಡು. ಪಿಚ್‌ನ ಅಂತರ 20ರಿಂದ 160 ಸ್ಯಾಂಪಲ್, ಆವರ್ತನದಲ್ಲಿ 400ರಿಂದ 50 ಹರ್ಟ್ಸ್. ಇದನ್ನು ಲಾಗರಿದಮಿಕ್ ಅಳತೆಯಲ್ಲಿ 99 ಹಂತ ಮಾಡಿದ್ದಾರೆ. ಉಳಿದದ್ದು 29 ಕೋಡು.

ಎಲ್ಲ ಬಿಟ್ಟೂ ಸೊನ್ನೆ ಇದ್ದರೆ ಅಘೋಷ ಎಂದು ಅರ್ಥ. ಅದು ಒಂದು ಕೋಡು. ಏಳರಲ್ಲಿ ಒಂದೇ ಬಿಟ್ 1 ಇರುವ ಕೋಡು 7 ಇವೆ, ಅವನ್ನೂ ಅಘೋಷ ಅಂತಲೇ ಓದುತ್ತಾರೆ. ಯಾಕೆಂದರೆ ಅಘೋಷ ಕಳಿಸಿದಾಗ ಒಂದು ಬಿಟ್ ಕೆಟ್ಟರೆ ಬರುವುದು ಇವೇ. ಎರಡು ಬಿಟ್ 1 ಇರುವ ಕೋಡು 21. ಅವು ಬಂದರೆ ಫ್ರೇಮ್ ಕೆಟ್ಟಿದೆ ಅಂತ ತಿಳಿದು ಹಿಂದಿನ ಫ್ರೇಮನ್ನೇ ಮತ್ತೆ ಬಳಸುತ್ತಾರೆ. 1, 7, 21 ಕೂಡಿದರೆ 29. ಒಂದು ಕೋಡೂ ಸುಮ್ನೆ ಬಿದ್ದಿಲ್ಲ. ಘೋಷ-ಅಘೋಷ ತಪ್ಪಿದರೆ ಆಗುವ ಗಲಾಟೆಯನ್ನು ಎಲ್‌ಪಿಸಿ-10ರಲ್ಲಿ ನೋಡಿದ ಮೇಲೆ ಆ ತೀರ್ಮಾನಕ್ಕೇ ಎಲ್ಲಕ್ಕಿಂತ ಜಾಸ್ತಿ ಕಾವಲು ಹಾಕಿದ್ದು ಎಷ್ಟು ಸರಿ ಅನ್ನಿಸುತ್ತದೆ.

ಅಘೋಷ ಫ್ರೇಮಿನಲ್ಲಿ ಪಟ್ಟಿಗಳ ತೀರ್ಮಾನ, ಅಲ್ಲಾಡಿಸುವ ಗುರುತು, ಹಾರ್ಮೋನಿಕ್ ಮೂರೂ ಬೇಡ. ಅಲ್ಲಿ ಉಳಿಯುವ 13 ಬಿಟ್‌ಗಳನ್ನು ದೋಷ ತಿದ್ದಲು ಕೊಟ್ಟರು, ಅದರಲ್ಲೂ ಮೊದಲ ಹಂತದ ಕೋಡ್‌ಬುಕ್ ನಂಬರ್ ಮತ್ತು ಗೇನ್ ಕಾಯಲು. ಆ ಎರಡು ಕೆಟ್ಟರೆ ಕಿವಿಗೆ ಹೊಡೆತ ಬೀಳುತ್ತದೆ, ನಾಲ್ಕನೆಯ ಹಂತ ಕೆಟ್ಟರೆ ಗೊತ್ತೇ ಆಗುವುದಿಲ್ಲ.

ಪರೀಕ್ಷೆ

1990ರ ದಶಕದಲ್ಲಿ ರಕ್ಷಣಾ ಇಲಾಖೆಯ ಒಕ್ಕೂಟ ಹೊಸ 2400 ಕೋಡೆಕ್ ಹುಡುಕಲು ಹೊರಟಾಗ ಮಾತಿನ ಅರ್ಥ ತಿಳಿಯುತ್ತದೆಯೇ, ದನಿ ಚೆನ್ನಾಗಿದೆಯೇ, ಮಾತಾಡುವವರು ಯಾರೆಂದು ತಿಳಿಯುತ್ತದೆಯೇ, ಇಬ್ಬರು ಸಲೀಸಾಗಿ ಮಾತುಕತೆ ನಡೆಸಬಹುದೇ, ಎಷ್ಟು ಲೆಕ್ಕ ಬೇಕು ಎಂಬುದನ್ನೆಲ್ಲ ತೂಗಿತು. ಶಾಂತ ಕೋಣೆ ಮಾತ್ರವಲ್ಲ, ಗದ್ದಲದ ವಾಹನಗಳ ಸದ್ದಿನಲ್ಲೂ, ಬಿಟ್ ಕೆಡುವ ಚಾನೆಲ್‌ನಲ್ಲೂ ಕೇಳಿಸಿ ನೋಡಿದರು.

ಅರ್ಥ ತಿಳಿಯುವುದನ್ನು ಅಳೆಯಲು ಬಳಸುವ ಡಿಆರ್‌ಟಿ ಪರೀಕ್ಷೆಯಲ್ಲಿ ಮೊದಲ ವ್ಯಂಜನವಷ್ಟೇ ಬೇರೆಯಿರುವ 96 ಜೋಡಿ ಪದಗಳಿವೆ. ಕೇಳುವವರು ಎರಡರಲ್ಲಿ ಯಾವುದು ಅಂತ ಹೇಳಬೇಕು. ಪದಗಳು ಇಂಗ್ಲಿಷಿನವು, ಆದರೆ ತತ್ವ ಯಾವ ಭಾಷೆಗೂ ಒಂದೇ. ಕನ್ನಡದಲ್ಲಿ ಮಾಡುವುದಿದ್ದರೆ 'ಪಾಡು', 'ಬಾಡು', 'ಮಾಡು' ತೆಗೆದುಕೊಳ್ಳಬಹುದು. ಮೊದಲೆರಡರ ನಡುವೆ ಇರುವುದು ಘೋಷದ ವ್ಯತ್ಯಾಸ ಮಾತ್ರ, ಕೊನೆಯೆರಡರ ನಡುವೆ ಮೂಗಿನದು. ಈ ಪರೀಕ್ಷೆಯ ಒಳ್ಳೆಯ ಗುಣ ಏನೆಂದರೆ ಅದು ಒಟ್ಟು ಅಂಕ ಕೊಟ್ಟು ಸುಮ್ಮನಾಗುವುದಿಲ್ಲ, ಕೋಡೆಕ್ ಯಾವ ಗುಣವನ್ನು ಕಳೆದುಹಾಕುತ್ತಿದೆ ಅಂತ ಬೆರಳಿಟ್ಟು ತೋರಿಸುತ್ತದೆ.

1996ರಲ್ಲಿ ಮೆಲ್ಪ್ ಆಯ್ಕೆಯಾಯಿತು. 2400ರ ಮೆಲ್ಪ್, ಎರಡರಷ್ಟು ಬಿಟ್ ತಿನ್ನುವ 4800ರ ಸೆಲ್ಪ್‌ಗೆ ಸಮವಾಗಿ ನಿಂತಿತು. ಹಳೆಯ ಎಲ್‌ಪಿಸಿ-10ಕ್ಕಿಂತ ಬಹಳ ಮೇಲೆ. 1999ರಲ್ಲಿ ಅದು ಮಿಲಿಟರಿ ಸ್ಟ್ಯಾಂಡರ್ಡ್ 3005 ಆಯಿತು. ಆಮೇಲೆ ಎನ್‌ಹಾನ್ಸ್‌ಡ್ ಮೆಲ್ಪ್ ಅಂದರೆ ಮೆಲ್ಪ್‌ಇ ಬಂತು. ಅದರಲ್ಲಿ ಅಳತೆ ಶುರುವಾಗುವ ಮೊದಲೇ ಹಿನ್ನೆಲೆಯ ಗದ್ದಲ ತಗ್ಗಿಸುವ ಭಾಗ ಸೇರಿಸಿದರು. ನೇಟೋ ಅದನ್ನು ಸ್ಟಾನಾಗ್ 4591 ಎಂಬ ತನ್ನ ಸ್ಟ್ಯಾಂಡರ್ಡ್ ಆಗಿ ಒಪ್ಪಿಕೊಂಡಿತು.

ನೇಟೋ ರೂಪದಲ್ಲಿ 1200 ಬಿಟ್‌ನ ದಾರಿಯೂ ಬಂತು, ಆಮೇಲೆ 600ರದ್ದೂ. 1200ರಲ್ಲಿ ಮೂರು ಫ್ರೇಮ್ ಒಟ್ಟು ಮಾಡಿ 67.5 ಮಿಲಿಸೆಕೆಂಡಿಗೆ 81 ಬಿಟ್, 600ರಲ್ಲಿ ನಾಲ್ಕು ಫ್ರೇಮ್ ಒಟ್ಟು ಮಾಡಿ 90 ಮಿಲಿಸೆಕೆಂಡಿಗೆ 54 ಬಿಟ್. ಅಕ್ಕಪಕ್ಕದ ಫ್ರೇಮುಗಳು ಒಂದರಂತೆ ಒಂದು ಇರುತ್ತವೆ ಎಂಬುದನ್ನು ಇಲ್ಲಿ ಹಿಂಡಿಕೊಂಡಿದ್ದಾರೆ. ಬೆಲೆ ಅಂದರೆ ತಡ. ಅಷ್ಟು ಮಾತು ಕೂಡುವವರೆಗೆ ಕೋಡೆಕ್ ಕಾಯಬೇಕು.

ಉಳಿದ ತೊಡಕು

ಮೆಲ್ಪ್ ಒಬ್ಬರ ದನಿಗೆ ಮಾಡಿದ ಮಾದರಿ. ಇಬ್ಬರು ಒಟ್ಟಿಗೆ ಮಾತಾಡಿದರೆ ಎರಡು ಪಿಚ್ ಇರುತ್ತವೆ, ಕಳಿಸಲು ಜಾಗ ಇರುವುದು ಒಂದಕ್ಕೆ. ಸಂಗೀತ ಕೇಳಿಸಿದರೆ ಕೆಟ್ಟುಹೋಗುತ್ತದೆ. 4000 ಹರ್ಟ್ಸ್‌ಗಿಂತ ಮೇಲಿನದು ಮೊದಲೇ ಹೋಗಿರುವುದರಿಂದ 'ಸ' ಮತ್ತು 'ಫ಼' ನಡುವಿನ ಗೊಂದಲ ಟೆಲಿಫೋನಿನಲ್ಲಿ ಇದ್ದಂತೆಯೇ ಇರುತ್ತದೆ.

ಈಗಿನ ನ್ಯೂರಲ್ ಕೋಡೆಕ್‌ಗಳು ಇದೇ ಪ್ರಕರಣವನ್ನು ಮುಂದಕ್ಕೆ ಒಯ್ದಿವೆ. 2018ರಲ್ಲಿ ಕ್ಲೈನ್ ಮತ್ತು ಜೊತೆಗಾರರು 2400 ಬಿಟ್‌ನ ಮಾಮೂಲಿ ಮಾದರಿ ಕೋಡೆಕ್‌ನಿಂದ ಬಂದ ಬಿಟ್‌ಗಳನ್ನು ಹಾಗೇ ತೆಗೆದುಕೊಂಡು, ಕೇಳುವ ಕಡೆ ಮಾತ್ರ ವೇವ್‌ನೆಟ್ ಎಂಬ, ದನಿಯ ಅಲೆ ಹುಟ್ಟಿಸುವ ನ್ಯೂರಲ್ ನೆಟ್‌ವರ್ಕ್ ಇಟ್ಟು ಬಹಳ ಸಹಜವಾದ ದನಿ ಹುಟ್ಟಿಸಿದರು. 2019ರಲ್ಲಿ ವ್ಯಾಲಿನ್ ಮತ್ತು ಸ್ಕೋಗ್ಲುಂಡ್ ಎಲ್‌ಪಿಸಿನೆಟ್‌ನಿಂದ ಸೆಕೆಂಡಿಗೆ 1600 ಬಿಟ್‌ನಲ್ಲಿ, 40 ಮಿಲಿಸೆಕೆಂಡಿನ ಪ್ಯಾಕೆಟ್ಟಿಗೆ 64 ಬಿಟ್ ಇಟ್ಟು, ಸಾಮಾನ್ಯ ಪ್ರೊಸೆಸರಿನಲ್ಲೇ ಓಡಿಸಿ ತೋರಿಸಿದರು. ಫಿಲ್ಟರ್ ಅದೇ ಎಲ್‌ಪಿಸಿ, ಗಂಟಲಿನ ಸದ್ದನ್ನು ಹುಟ್ಟಿಸುವುದು ನ್ಯೂರಲ್ ನೆಟ್‌ವರ್ಕ್. ಮತ್ತೆ ಕೆಲಸ ನಡೆದದ್ದು ಮೂಲ ಸದ್ದಿನ ಮೇಲೆಯೇ.

ಇಲ್ಲಿ ನನಗೆ ಒಂದು ಕಾಳಜಿ ಇದೆ. ಎಲ್‌ಪಿಸಿ-10 ತಪ್ಪಿದಾಗ ದನಿ ಕೆಟ್ಟದಾಗಿ ಕೇಳುತ್ತಿತ್ತು, ಕೇಳುವವರು ಇನ್ನೊಮ್ಮೆ ಹೇಳಿ ಅಂತ ಕೇಳುತ್ತಿದ್ದರು. ಮಾತನ್ನು ಕಲಿತ ನೆಟ್‌ವರ್ಕ್ ತಪ್ಪಿದಾಗ ಸ್ವಚ್ಛವಾದ ದನಿಯಲ್ಲೇ ಬೇರೆ ವ್ಯಂಜನ ಬರಬಹುದು, 'ಪಾಡು' ಹೋಗಿ ನಯವಾದ 'ಬಾಡು' ಆಗಬಹುದು. ದನಿ ಎಷ್ಟು ಚೆನ್ನಾಗಿದೆ ಎಂದಷ್ಟೇ ಕೇಳುವ ಅಂಕಗಳಲ್ಲಿ ಇದು ಸಿಕ್ಕಿಬೀಳುವುದಿಲ್ಲ. ಹಾಗಾಗಿ ಹೊಸ ಕೋಡೆಕ್ ಪ್ರಬಂಧ ಕೈಗೆ ಬಂದಾಗ ನಾನು ಮೊದಲು ಹುಡುಕುವುದು ಗದ್ದಲದಲ್ಲಿ ವ್ಯಂಜನ ಜೋಡಿಗಳನ್ನು ಕೇಳಿಸಿ ನೋಡಿದ್ದಾರೆಯೇ, ಬಿಟ್ ಕೆಡಿಸಿ ನೋಡಿದ್ದಾರೆಯೇ ಅನ್ನುವುದನ್ನು.